ಬೆಕ್ಕಿಗೆ ನೆಟ್ಟ ಗರಿಕೆ

ಶಾರದಕ್ಕನ ಹದಿಮೂರನೆಯ ದಿನದ ಊಟಕ್ಕೆ ಎಡಪ್ಪಳ್ಳಿಯ ಅವಳ ಮನೆ ತುಂಬ ಜನ ಸೇರಿದ್ದರು. ಹಿತ್ತಲಲ್ಲಿ ಚಪ್ಪರ ಹಾಕಲು ಜಾಗ ಬೇಕೆಂದು ಅವಳ ಮಗ ಹರಿ ಆ ಬೆಳಿಗ್ಗೆ ಕೂಲಿಯವರಿಂದ ಅಲ್ಲಿದ್ದ ಹುಲ್ಲು, ಸೊಪ್ಪು, ಕಳೆ ಎಲ್ಲವನ್ನೂ ಬೇರುಸಮೇತ ಕೀಳಿಸಿ ಬಾವಿಕಟ್ಟೆಯ ಬದಿಗೆ ರಾಶಿ ಹಾಕಿಸಿದ್ದ. ಎರಡನೆಯ ಪಂಕ್ತಿಗೆ ಪಾಯಸ ಬಡಿಸುವ ಹೊತ್ತಿಗೆ ಬೆಕ್ಕುಗಳು ಬಂದವು. ಮೊದಲು ಅಕ್ಕ ಸಾಕಿದ್ದು, ಆಮೇಲೆ ಪಕ್ಕದ ಮನೆಯದು, ಆಮೇಲೆ ಯಾರದೂ ಅಲ್ಲದವು. ಆ ರಾಶಿಗೆ ಮುಖ ಉಜ್ಜಿ, ಬೆನ್ನು ಕೊಟ್ಟು ಹೊರಳಿ, ಜೊಲ್ಲು ಸುರಿಸುತ್ತ ನಾಲ್ಕು ಕಾಲು ಮೇಲೆ ಮಾಡಿ ಬಿದ್ದುಕೊಂಡವು. ಉಣ್ಣುತ್ತಿದ್ದವರು ನಕ್ಕರು. ಸಾವಿನ ಮನೆಯಲ್ಲಿ ನಗಲು ಒಂದು ನೆಪ ಸಿಕ್ಕರೆ ಜನರಿಗೆ ಎಷ್ಟು ಹಗುರಾಗುತ್ತದೆ ಎಂದು ನನಗೂ ಗೊತ್ತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚಿಕ್ಕಪ್ಪನ ಮಗ ರಘು ಅಷ್ಟಕ್ಕೇ ಬಿಡಲಿಲ್ಲ. ಎಲೆಯ ಮೇಲಿನ ಪಾಯಸವನ್ನು ಬೆರಳಲ್ಲಿ ಬಳಿಯುತ್ತ ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದ:

"ಗೌರಿ ಅತ್ತೆಯ ಹುಚ್ಚು ಶಾರದಕ್ಕನಿಗೂ ಬಂದದ್ದು ಕಾಣ್ತದೆ. ಆ ಕತೆ ಗೊತ್ತುಂಟಲ್ಲ? ಚೌತಿ ದಿನ ಪುಚ್ಚೆ ತಿಂದು ಬಿಟ್ಟ ಗರಿಕೆಯನ್ನು ದೇವರಿಗೆ ಕೊಟ್ಟ ಮಹಾತಾಯಿ! ದೊಡ್ಡಪ್ಪನ ಮರ್ಯಾದೆ ಪೂರಾ ತೆಗೆದಳು. ಪಾಪ, ಅವರು ಎಷ್ಟು ಸಹಿಸಿದ್ರು."

ಪುಚ್ಚೆ ಎಂದರೆ ನಮ್ಮ ಕಾಸರಗೋಡಿನ ಕಡೆ ಬೆಕ್ಕು. ದೊಡ್ಡಪ್ಪ ಎಂದರೆ ನನ್ನ ಅಪ್ಪ. ರಘು ಆಗ ಹುಟ್ಟಿರಲೇ ಇಲ್ಲ. ಅವನಿಗೆ ಅವನಪ್ಪ ಹೇಳಿದ್ದು, ಅವನಪ್ಪನಿಗೆ ನನ್ನ ಅಪ್ಪ ಹೇಳಿದ್ದು. ಹೀಗೆ ಒಬ್ಬ ಹೆಂಗಸಿನ ಮೇಲೆ ಹೊರಿಸಿದ ಸುಳ್ಳು ಮನೆತನದ ತಮಾಷೆಯಾಗಿ ಊಟದ ಎಲೆಗೆ ಬಂದು ಬೀಳುತ್ತದೆ. ನಾನು ಎಲೆ ಮಡಚಿ ಎದ್ದೆ. ಅಲ್ಲಿ ಮಾತಾಡಲಿಲ್ಲ, ಏಕೆಂದರೆ ಅದು ಅಕ್ಕನ ದಿನ. ನಡೆದದ್ದನ್ನು ಕಣ್ಣಾರೆ ಕಂಡ ಮಕ್ಕಳು ನಾವು ಇಬ್ಬರೇ, ಅವಳು ಮತ್ತು ನಾನು. ಈಗ ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ರಾಜ್ಯಗಳ ಗಡಿ ಹೊಸದಾಗಿ ಹಾಕಿ ನಮ್ಮ ಊರು ಕೇರಳಕ್ಕೆ ಸೇರಿದ ಮೇಲೆ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಉಳ್ಳೂರಿನಲ್ಲಿ ಒಂದು ಹಂಚಿನ ಮನೆ ಬಾಡಿಗೆಗೆ ಸಿಕ್ಕಿತು. ಮುಂದೆ ಜಗಲಿ, ಅಲ್ಲಿ ಅಪ್ಪನ ಆರಾಮಕುರ್ಚಿ. ಅದರ ಮೇಲೆ ನಾವು ಯಾರೂ ಕೂರುವಂತಿರಲಿಲ್ಲ. ನಡುವಿನ ಕೋಣೆಯ ಮೂಲೆಯಲ್ಲಿ ದೇವರು, ಆಮೇಲೆ ಅಡುಗೆಮನೆ, ಅದರ ಹಿಂದೆ ಅಕ್ಕಿ, ಕಾಯಿ ರುಬ್ಬಲು ಕಡೆಯುವ ಕಲ್ಲಿನ ಕೋಣೆ. ಅದಕ್ಕೆ ಕಿಟಕಿ ಇರಲಿಲ್ಲ, ಹಿತ್ತಲಿಗೆ ತೆರೆಯುವ ಒಂದು ಬಾಗಿಲಿತ್ತು. ಅಲ್ಲಿ ಕಲ್ಲಿನ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದವಳು ಗೌರಿ ಅತ್ತೆ, ಅಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡವಳು. ಈಗ ಲೆಕ್ಕ ಹಾಕಿದರೆ ಅವಳಿಗೆ ಮೂವತ್ತು ಕೂಡ ಆಗಿರಲಿಲ್ಲ. ನಮಗೆ ಆಗ ಅವಳು ಮುದುಕಿ. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬೆಳಗಾಗುವ ಮೊದಲು ಎದ್ದು, ಮಡಿಯಲ್ಲಿ ಅಡುಗೆ ಮಾಡಿ, ಎಲ್ಲರದೂ ಆದ ಮೇಲೆ ಉಂಡು, ರಾತ್ರಿಗೆ ಒಂದು ಹಿಡಿ ಅವಲಕ್ಕಿ ತಿಂದು ಮಲಗುತ್ತಿದ್ದಳು. ಅವಳು ಮಾಡಿದ ತಂಬುಳಿಯನ್ನು ಅಪ್ಪ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಚೆನ್ನಾಗಿದೆ ಎಂದು ಒಮ್ಮೆಯೂ ಹೇಳಿದ್ದನ್ನು ನಾನು ಕೇಳಲಿಲ್ಲ. ಉಪ್ಪು ಕಡಿಮೆಯಾದ ದಿನ ಮಾತ್ರ ಅವಳ ಹೆಸರು ಆ ಬಾಯಿಯಿಂದ ಬರುತ್ತಿತ್ತು.

ಆ ಮನೆಗೆ ಬಂದ ಹೊಸತರಲ್ಲಿ ಅತ್ತೆ ಯಾರ ಹತ್ತಿರವೋ ಕೇಳಿ ಒಂದು ಅಬ್ಬಲಿಗೆಯ, ಅಂದರೆ ಕನಕಾಂಬರದ, ಗೆಲ್ಲು ತಂದು ಅಂಗಳದಲ್ಲಿ ಊರಿದ್ದಳು. ಅದು ಚಿಗುರಿತು ಕೂಡ. ಅಮ್ಮ ಅದನ್ನು ನೋಡಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಮ್ಮ ಕೆಟ್ಟವಳಲ್ಲ, ಜೋರಾಗಿಯೂ ಹೇಳಲಿಲ್ಲ. ಸೊಪ್ಪು ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು:

"ಅಂಗಳದಲ್ಲಿ ಬೇಡ ಗೌರಿ. ಹೂವಿನ ಗಿಡಕ್ಕೆ ನೆಟ್ಟವರ ಕೈ ತಾಗ್ತದೆ. ನಾಳೆ ಈ ಮಕ್ಕಳು ಮುಡಿಯುವುದಲ್ವಾ?"

ಅತ್ತೆ "ಹೌದತ್ತಿಗೆ" ಎಂದಳು. ಆ ಸಂಜೆ ಅಬ್ಬಲಿಗೆಯನ್ನು ತಾನೇ ಕಿತ್ತು ಎಸೆದಳು. ಮತ್ತೆಂದೂ ಅಂಗಳಕ್ಕೆ ಹೋಗಿ ಮಣ್ಣು ಮುಟ್ಟಲಿಲ್ಲ, ಹೂ ಬಿಡುವ ಒಂದು ಗಿಡವನ್ನೂ ನೆಡಲಿಲ್ಲ. ಹಿತ್ತಲ ಬಾಗಿಲಿನ ಹೊರಗೆ, ಪಾತ್ರೆ ತೊಳೆದ ನೀರು ಹೋಗುವಲ್ಲಿ, ಯಾರೂ ಗಿಡ ಎಂದು ಕರೆಯದಂಥದ್ದನ್ನು ಬೆಳೆಸತೊಡಗಿದಳು. ಹುಲ್ಲಿಗೆ ಯಾರ ಕೈ ತಾಗಿದರೇನು? ಅಮ್ಮ ಸುಮ್ಮನಾದಳು. ಅಪ್ಪ ಹಿತ್ತಲಿಗೆ ಬರುವುದೇ ಅಪರೂಪ.

ಅವಳು ಬೆಳೆಸಿದ್ದು ಬೂದಿಗಾಗಿ. ಬೂದಿ ನಮ್ಮ ಹೆಣ್ಣು ಬೆಕ್ಕು. ಒಲೆಯ ಬೂದಿಯಲ್ಲಿ ಮಲಗಿ ಅದೇ ಬಣ್ಣಕ್ಕೆ ಬಂದಿದೆ ಎಂದು ಅಕ್ಕ ಇಟ್ಟ ಹೆಸರು. ಅದೂ ಬಾಡಿಗೆ ಮನೆಯೊಂದಿಗೇ ಬಂದದ್ದು, ಹಿಂದಿದ್ದವರು ಬಿಟ್ಟುಹೋಗಿದ್ದರು. ಬೆಕ್ಕು ಹಾಲು, ಇಲಿ ಬಿಟ್ಟರೆ ಬೇರೇನೂ ತಿನ್ನುವುದಿಲ್ಲ ಎಂದು ನಾನು ತಿಳಿದಿದ್ದೆ. ಒಂದು ದಿನ ಅದು ಬಾವಿಕಟ್ಟೆಯ ಸಂದಿನಲ್ಲಿ ಹುಲ್ಲು ಜಗಿಯುವುದನ್ನು ಕಂಡು ಹಸು ಆಗಿಹೋಯಿತು ಎಂದು ಕೂಗುತ್ತ ಒಳಗೆ ಓಡಿದ್ದೆ. ಅತ್ತೆ ನಕ್ಕಳು. ಮೈ ನೆಕ್ಕಿ ನೆಕ್ಕಿ ಹೊಟ್ಟೆಗೆ ಹೋದ ಕೂದಲು ಹೊರಗೆ ಬರಬೇಕಲ್ಲ, ಅದಕ್ಕೆ ಅದರ ಮದ್ದು ಅದಕ್ಕೇ ಗೊತ್ತು ಎಂದಳು. ಮರುದಿನವೇ ಆ ಸಂದಿನ ಗರಿಕೆಯನ್ನು ಬೇರಿನೊಂದಿಗೆ ತಂದು ಹಿತ್ತಲಲ್ಲಿ ಒಂದು ಮಡಿ ಮಾಡಿ ಊರಿದಳು. ದಿನವೂ ನೀರು ಹನಿಸಿ, ಒಣಗಿದ್ದನ್ನು ಉಗುರಿನಿಂದ ಚಿವುಟಿ, ಆ ಗರಿಕೆಯನ್ನು ಎಷ್ಟು ಎಳತಾಗಿ ಇಟ್ಟಿದ್ದಳೆಂದರೆ ಬರಿಗಾಲಲ್ಲಿ ತುಳಿಯಲು ನಮಗೇ ಮನಸ್ಸು ಬರುತ್ತಿರಲಿಲ್ಲ. ಪಕ್ಕದಲ್ಲಿ ಮಜ್ಜಿಗೆಹುಲ್ಲಿನ ಒಂದು ಹಿಂಡು. ಮಜ್ಜಿಗೆಗೆ ಹಾಕಲು ಎಂದು ಅಮ್ಮನಿಗೆ ಹೇಳಿದ್ದಳು, ಆದರೆ ಅದರ ಗರಿಗಳ ತುದಿಯೆಲ್ಲ ಬೂದಿಯ ಪಾಲು. ಮಳೆ ಹಿಡಿದು ನೆಲದ ಹುಲ್ಲು ಕೊಳೆಯತೊಡಗಿದರೆ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ನೆನೆಸಿದ ಭತ್ತ ಬಿತ್ತಿ ಮಾಡಿನ ಕೆಳಗೆ ಸಾಲಾಗಿ ಇಡುತ್ತಿದ್ದಳು. ಎಳೆಯ ಸಸಿ ಗೆರಟೆಯ ಬಾಯಿ ದಾಟುವಷ್ಟರಲ್ಲಿ ಬೂದಿ ಬಂದು ಒಂದು ಗೆರಟೆ ಮುಗಿಸುತ್ತಿತ್ತು. ಅಷ್ಟರಲ್ಲಿ ಮುಂದಿನ ಗೆರಟೆ ತಯಾರು.

ಹಿತ್ತಲ ತುದಿಯಲ್ಲಿ, ಗೋಡೆಯ ಬುಡದಲ್ಲಿ, ಅವಳು ಕೀಳದೆ ಬಿಟ್ಟ ಇನ್ನೊಂದು ಗಿಡವಿತ್ತು. ನಾವು ಕುಪ್ಪಿ ಗಿಡ ಅನ್ನುತ್ತೇವೆ. ಮೊಣಕಾಲೆತ್ತರದ, ಹೂವೋ ಕಾಯೋ ಗೊತ್ತಾಗದ, ಎಲ್ಲರೂ ಕಿತ್ತು ಎಸೆಯುವ ಕಳೆ. ಅದು ನೆಲದಲ್ಲಿ ಇರುವಷ್ಟು ದಿನ ಬೆಕ್ಕು ಅದನ್ನು ಮೂಸಿಯೂ ನೋಡುವುದಿಲ್ಲ. ಕಿತ್ತು ಬೇರು ಹೊರಗೆ ಬಂದರೆ ಮಾತ್ರ ಅದಕ್ಕೆ ಮತ್ತು ಏರುತ್ತದೆ. ಗೋಡೆಯ ಆಚೆಯ ಮನೆಯ ಭಾರ್ಗವಿ ಚೇಚಿ, ಅಂದರೆ ಭಾರ್ಗವಿ ಅಕ್ಕ, ಅದನ್ನು ಪೂಚ್ಚಮಯಕ್ಕಿ ಅನ್ನುತ್ತಿದ್ದಳು, ಬೆಕ್ಕನ್ನು ಮರುಳು ಮಾಡುವುದು ಎಂದು. ಅತ್ತೆಗೆ ಮಲಯಾಳ ಬಾರದು, ಚೇಚಿಗೆ ಕನ್ನಡ ಬಾರದು. ಆದರೂ ಮಧ್ಯಾಹ್ನ ಪಾತ್ರೆಯೆಲ್ಲ ತೊಳೆದಾದ ಮೇಲೆ ಇಬ್ಬರೂ ಗೋಡೆಯ ಎರಡು ಬದಿಗೆ ನಿಂತು, ಅವಳು ಅವಳ ಭಾಷೆಯಲ್ಲಿ ಇವಳು ಇವಳ ಭಾಷೆಯಲ್ಲಿ, ಬೆಕ್ಕುಗಳ ಚಾಡಿ ಹೇಳಿಕೊಳ್ಳುತ್ತಿದ್ದರು. ಚೇಚಿಯ ಮೀನಿನ ಚಟ್ಟಿಯಲ್ಲಿ ಬೂದಿ ತಲೆ ಹಾಕಿದ್ದು, ಚೇಚಿಯ ಗಡವ ಬೆಕ್ಕು ನಮ್ಮ ಗೆರಟೆ ಉರುಳಿಸಿದ್ದು, ಎಲ್ಲ ಅಲ್ಲೇ ಇತ್ಯರ್ಥವಾಗುತ್ತಿತ್ತು. ಇಡೀ ದಿನದಲ್ಲಿ ಅತ್ತೆ ಜೋರಾಗಿ ಮಾತಾಡುತ್ತಿದ್ದದ್ದು ಆಗ ಮಾತ್ರ. ಬೂದಿ ಸಪ್ಪೆಯಾಗಿ ಮೂಲೆ ಹಿಡಿದರೆ ಅತ್ತೆ ಒಂದೇ ಒಂದು ಕುಪ್ಪಿ ಗಿಡ ಕಿತ್ತು ಬೇರನ್ನು ಅದರ ಮುಂದೆ ಹಿಡಿಯುವಳು. ಬೂದಿ ಅದಕ್ಕೆ ಕೆನ್ನೆ ಒತ್ತಿ, ಕಣ್ಣು ಅರ್ಧ ಮುಚ್ಚಿ, ನೆಲದ ಮೇಲೆ ಉರುಳುವುದು. ಅಕ್ಕ, ನಾನು, ಅತ್ತೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆವು. "ದಿನಾ ಕೊಟ್ಟರೆ ಇದಕ್ಕೆ ಬೆಲೆ ಇಲ್ಲ ಮಗಾ" ಎಂದು ಬೇರನ್ನು ಮಣ್ಣಿನಲ್ಲಿ ಮುಚ್ಚಿಬಿಡುತ್ತಿದ್ದಳು.

ಬೂದಿಯ ಬಗ್ಗೆ ಮನೆಯಲ್ಲಿ ಜಗಳ ಇಲ್ಲದೆ ಇರಲಿಲ್ಲ. ಮಕ್ಕಳಿಗೇ ಹಾಲು ಸಾಲದಿರುವಾಗ ಪುಚ್ಚೆಗೆ ಎಲ್ಲಿಂದ ಎಂದು ಅಮ್ಮ ಗೊಣಗುವಳು. ಅತ್ತೆ ತನ್ನ ಪಾಲಿನ ಮಜ್ಜಿಗೆಗೆ ನೀರು ಬೆರೆಸಿ ಆ ಲೆಕ್ಕ ಸರಿಮಾಡುವಳು. ಅದು ಅಡುಗೆಮನೆಗೆ ನುಗ್ಗಿ ಮಡಿ ಕೆಡಿಸುತ್ತದೆ ಎಂದು ಅಮ್ಮ ದೂರಿದಾಗ ಅಪ್ಪನೇ ಜಗಲಿಯಿಂದ ತೀರ್ಪು ಕೊಟ್ಟಿದ್ದರು:

"ಪುಚ್ಚೆಗೆ ಮಡಿ ಮೈಲಿಗೆ ಇಲ್ಲ. ನಮ್ಮ ಅಜ್ಜನ ಕಾಲದಿಂದ ಹಾಗೆಯೇ. ಅದು ತಾಗಿದರೆ ಎಂತದೂ ಆಗುವುದಿಲ್ಲ."

ಈ ಮಾತನ್ನು ನೆನಪಿಡಿ. ಹೇಳಿದವರೂ ನೆನಪಿಡಬೇಕಿತ್ತು.

ಅಪ್ಪನಿಗೆ ಆ ಊರು ಒಗ್ಗಲಿಲ್ಲ. ಕಾಸರಗೋಡಿನ ಕೋರ್ಟಿನಲ್ಲಿ ಕನ್ನಡದ ಕಾಗದಪತ್ರಗಳನ್ನು ಮುತ್ತಿನಂತೆ ಬರೆದವರಿಗೆ ಇಲ್ಲಿ ಇಂಗ್ಲಿಷಿನ ಫೈಲು, ಮಲಯಾಳದ ಅರ್ಜಿ. ಅವರ ಮಲಯಾಳ ಕೇಳಿ ಕಚೇರಿಯ ಹುಡುಗರು ನಗುತ್ತಿದ್ದರಂತೆ. ಬಸ್ಸಿನಿಂದ ಇಳಿದು ಬರುವಾಗಲೇ ಅವರ ಮುಖ ನೋಡಿ ಅಮ್ಮ ನಮ್ಮನ್ನು ಒಳಗೆ ಕಳಿಸುತ್ತಿದ್ದಳು. ಅವರ ಸಿಟ್ಟಿಗೆ ಇದೇ ಕಾರಣ ಎಂದು ಅಮ್ಮ ಕೊನೆಯ ತನಕ ಹೇಳಿದಳು. ಇರಬಹುದು. ಆದರೆ ಆ ಸಿಟ್ಟು ನಗುತ್ತಿದ್ದ ಹುಡುಗರ ಮೇಲೆ ಒಂದು ದಿನವೂ ಬೀಳಲಿಲ್ಲವಲ್ಲ. ಅದು ಬಸ್ಸು ಹತ್ತಿ, ಅಂಗಳ ದಾಟಿ, ಜಗಲಿ ದಾಟಿ, ಸರಿಯಾಗಿ ಕಡೆಯುವ ಕಲ್ಲಿನ ಕೋಣೆಯ ತನಕ ಬಂದು ಬೀಳುತ್ತಿತ್ತು. ದಾರಿ ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷದ ಚೌತಿಗೆ ಅಪ್ಪ ಒಬ್ಬ ರಾಯರನ್ನೂ ಅವರ ಹೆಂಡತಿ ರುಕ್ಮಿಣಿಯಮ್ಮನನ್ನೂ ಊಟಕ್ಕೆ ಕರೆದರು. ರಾಯರು ಮೈಸೂರು ಕಡೆಯವರು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ದೊಡ್ಡ ಹುದ್ದೆ. ಅವರು ಅಪ್ಪನ ಮೇಲಿನವರ ಹತ್ತಿರ ಒಂದು ಮಾತು ಹೇಳಿದರೆ ಊರಿಗೆ ವರ್ಗ ಆದೀತು ಎಂಬ ಆಸೆ. ವಾರದಿಂದ ಮನೆಯಲ್ಲಿ ಅದೇ ಮಾತು. ಅಮ್ಮ ಅಂಗಳ ಸಾರಿಸಿದಳು. ಅತ್ತೆ ಕಡುಬಿಗೆ, ಪಂಚಕಜ್ಜಾಯಕ್ಕೆ ಒಬ್ಬಳೇ ಎಲ್ಲ ಹೊಂದಿಸಿದಳು. ಅವಳು ಅಡುಗೆ ಮುಗಿಸಿ ಒಳಗೇ ಇರಬೇಕು, ಹಬ್ಬದ ದಿನ ಎದುರು ಬರಬಾರದು ಎಂದು ಅಪ್ಪ ಅಮ್ಮನ ಬಾಯಲ್ಲಿ ಹೇಳಿಸಿದರು. ಅವಳ ಹೆಸರು ಗೌರಿ. ಗೌರಿಯ ಮರುದಿನ ಗಣಪತಿಯ ಎದುರು ಬರಬಾರದು.

ನಮ್ಮ ಮನೆಯಲ್ಲಿ ಚೌತಿಯ ಗರಿಕೆಯನ್ನು ಯಜಮಾನನೇ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಹೋಗಿ ಕೊಯ್ದು ತರಬೇಕು; ಪೇಟೆಯಿಂದ ತರುವಂತಿಲ್ಲ, ಬೇರೆಯವರ ಕೈಯಲ್ಲಿ ತರಿಸುವಂತಿಲ್ಲ. ಅಪ್ಪ ಹಿಂದಿನ ದಿನವೇ ದಾರಿಯಾಚೆಯ ಖಾಲಿ ಜಾಗದಲ್ಲಿ ಒಳ್ಳೆಯ ಗರಿಕೆ ಗುರುತಿಸಿ ಬಂದಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಯಾರದೋ ದನ ಮೇದು, ತುಳಿದು, ಸೆಗಣಿ ಹಾಕಿ ಹೋಗಿತ್ತು. ಅವರು ಬರಿಗೈಯಲ್ಲಿ ಹಿಂದೆ ಬಂದರು. ರಾಯರು ಬರುವ ಹೊತ್ತಾಗುತ್ತಿತ್ತು. ಅಕ್ಕ ಮತ್ತು ನಾನು ಹಿತ್ತಲಲ್ಲಿ ಬಾಳೆಲೆ ತೊಳೆಯುತ್ತಿದ್ದೆವು. ಅಪ್ಪ ಒದ್ದೆ ಪಂಚೆಯಲ್ಲೇ ಸುತ್ತು ಹಾಕಿ ಹಿತ್ತಲಿಗೆ ಬಂದರು, ಅತ್ತೆಯ ಗರಿಕೆಯ ಮಡಿ ನೋಡಿದರು, ಬಗ್ಗಿದರು. ಅತ್ತೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ಅಣ್ಣಾ, ಅದು ಪುಚ್ಚೆಗೆ ಇಟ್ಟದ್ದು..."

"ಬರೀ ಹುಲ್ಲಲ್ವಾ? ಹುಲ್ಲಿಗೂ ನಿನ್ನ ಹತ್ರ ಕೇಳ್ಬೇಕಾ ಇನ್ನು?"

"ಹಾಗಲ್ಲ ಅಣ್ಣಾ, ಆ ಬದಿಯದ್ದು..."

"ಸಾಕು. ಮಡಿಯಲ್ಲಿರುವಾಗ ಮಾತಾಡಿಸ್ಬೇಡ."

ಅವರು ತಮಗೆ ಬೇಕಾದಷ್ಟನ್ನು ಹಿಡಿಹಿಡಿಯಾಗಿ ಕೊಯ್ದುಕೊಂಡು ಹೋದರು. ನಾವು ಇಬ್ಬರೂ ನೋಡಿದೆವು. ಬಾಳೆಲೆಯ ಮೇಲೆ ನೀರು ಸುರಿಯುತ್ತಲೇ ಇತ್ತು.

ಪೂಜೆ ಚೆನ್ನಾಗಿಯೇ ಆಯಿತು. ಊರಿನಿಂದ ತಂದ ಮುಷ್ಟಿಯಷ್ಟು ದೊಡ್ಡ ಹಿತ್ತಾಳೆಯ ಗಣಪತಿ, ನೆಲದ ಮೇಲಿನ ಮಣೆಯಲ್ಲಿ ಕೂತು ಕೊರಳ ತನಕ ಗರಿಕೆಯಲ್ಲಿ ಮುಳುಗಿದ್ದ. ಮಂಗಳಾರತಿ ಮುಗಿದು ರಾಯರು ಪ್ರಸಾದಕ್ಕೆ ಕೈ ಚಾಚುವ ಹೊತ್ತಿಗೆ ಬೂದಿ ಬಂತು. ಅದರ ತಪ್ಪೇನು? ಅದರ ಬೆಳಗಿನ ಗರಿಕೆ ಜಾಗದಲ್ಲಿ ಇರಲಿಲ್ಲ. ಹುಡುಕಿಕೊಂಡು ಬಂತು. ಜನರ ನಡುವೆ ಮೆತ್ತಗೆ ನಡೆದು ಮಣೆಯ ಹತ್ತಿರ ಹೋಗಿ, ಗಣಪತಿಯ ಹೆಗಲ ಮೇಲಿನ ಒಂದು ಎಸಳನ್ನು ಎಳೆದು, ತಲೆ ಓರೆ ಮಾಡಿ ಜಗಿಯತೊಡಗಿತು. ರುಕ್ಮಿಣಿಯಮ್ಮ ಕೈತಟ್ಟಿ ನಕ್ಕರು.

"ಅಯ್ಯೋ ನೋಡ್ರೀ ಇಲ್ಲಿ! ಇಲಿ ಮೇಲೆ ಕೂರೋ ದೇವ್ರ ಹತ್ರ ಕೊತ್ತಿ ಬಂದ್ಬಿಡ್ತಲ್ಲಾ! ಪಾಪ, ಇಲಿ ಎಲ್ಲಿ ಓಡ್ಹೋಯ್ತೋ!"

ರಾಯರೂ ನಕ್ಕರು. ಅಲ್ಲಿಗೆ ಮುಗಿಯಬಹುದಿತ್ತು. ಅಪ್ಪನೂ ನಕ್ಕಿದ್ದರೆ ಮುಗಿಯುತ್ತಿತ್ತು. ಆದರೆ ರುಕ್ಮಿಣಿಯಮ್ಮ ಬಗ್ಗಿ ನೋಡಿದವರು ಒಂದು ಗರಿಕೆ ಎತ್ತಿ ಬೆಳಕಿಗೆ ಹಿಡಿದರು. ತುದಿ ಹಲ್ಲಿನಿಂದ ಕಡಿದದ್ದು. ಇನ್ನೊಂದು ಎತ್ತಿದರು, ಅದೂ ಹಾಗೆಯೇ.

"ಇದೇನ್ರೀ, ಎಲ್ಲಾ ಎಂಜಲಾಗಿದೆ? ಕೊತ್ತಿ ತಿಂದಿದ್ದನ್ನೇ ಏರಿಸಿದೀರಾ ದೇವ್ರಿಗೆ?"

ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಎಂದೇ ನನಗೆ ಅನಿಸುತ್ತದೆ. ರಾಯರು ಚಾಚಿದ್ದ ಕೈಯನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡರು. ಬೆಕ್ಕು ತಾಗಿದರೆ ಏನೂ ಆಗದು ಎಂದು ಅಜ್ಜನ ಕಾಲದ ಮಾತು ಹೇಳಬೇಕಾದವರು ಆಗ ಬಾಯಿ ಬಿಟ್ಟು ಹೇಳಿದ್ದು ಇದು:

"ಗೌರೀ! ಎಂಥ ಗರಿಕೆ ಕೊಟ್ಟದ್ದು ನೀನು ನನ್ನ ಕೈಗೆ?"

ಅಪ್ಪ ರಾಯರ ಕಡೆ ತಿರುಗಿ, ತಂಗಿ, ಗಂಡ ಹೋದ ಮೇಲೆ ತಲೆ ಸರಿ ಇಲ್ಲ, ಪುಚ್ಚೆಯ ಹುಚ್ಚು, ನಾವು ಸಹಿಸಿಕೊಂಡು ಇಟ್ಟುಕೊಂಡಿದ್ದೇವೆ ಎಂದು ತಗ್ಗಿದ ದನಿಯಲ್ಲಿ ಹೇಳತೊಡಗಿದರು. ನನಗೆ ಆಗ ಎಂಟು ವರ್ಷವಿರಬೇಕು. ಧೈರ್ಯ ಎಂದಲ್ಲ, ಅಪ್ಪ ಮರೆತಿದ್ದಾರೆ ಎಂದೇ ನಾನು ನಂಬಿದ್ದೆ. ನೆನಪು ಮಾಡಿಕೊಟ್ಟೆ:

"ಅಪ್ಪಾ, ನೀವೇ ಕೊಯ್ದದ್ದಲ್ವಾ? ಅತ್ತೆ ಬೇಡ ಹೇಳಿದ್ರು."

ಏಟು ಕಿವಿಯ ಮೇಲೆ ಬಿತ್ತು. ಎಷ್ಟೋ ಹೊತ್ತು ಆ ಕಿವಿಯಲ್ಲಿ ಜಾಗಟೆಯ ಸದ್ದು ಕೇಳುತ್ತಿತ್ತು. ಅಪ್ಪ ಅಕ್ಕನ ಮುಖ ನೋಡಿದರು. ಅಕ್ಕ ನೆಲ ನೋಡಿದಳು. ಅಮ್ಮ ಎಲೆ ಹಾಕಲು ಎದ್ದಳು. ರಾಯರೂ ಹೆಂಡತಿಯೂ ಉಂಡೆವೆಂಬ ಶಾಸ್ತ್ರ ಮಾಡಿ, ಮಗುವಿಗೆ ಹೊಡೀಬಾರದಿತ್ತು ಎಂದು ಹೇಳಿ, ಹೊರಟುಹೋದರು.

ಅವರ ಬೆನ್ನು ದಾರಿಯ ತಿರುವಿನಲ್ಲಿ ಮರೆಯಾದದ್ದೇ ಅಪ್ಪ ಮಡಿಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ನುಗ್ಗಿದರು. ಗರಿಕೆಯ ಮಡಿಯನ್ನು ಹಾರೆಯಿಂದ ಅಗೆದರು. ಮಜ್ಜಿಗೆಹುಲ್ಲಿನ ಹಿಂಡನ್ನು ಬುಡಸಹಿತ ಎತ್ತಿ ಗೋಡೆಗೆ ಬಡಿದರು. ಗೆರಟೆಗಳನ್ನು ಒಂದೊಂದಾಗಿ ಕಾಲಿನಿಂದ ಒದ್ದರು. ಆಮೇಲೆ ಗೋಡೆಯ ಬುಡದ ಕುಪ್ಪಿ ಗಿಡಗಳಿಗೆ ಕೈ ಹಾಕಿ, ಒಂದನ್ನೂ ಬಿಡದೆ, ಬೇರಿನೊಂದಿಗೆ ಕಿತ್ತು ರಾಶಿ ಮಾಡಿದರು. ಆ ಗಿಡದ ಗುಣ ಅವರಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಗೊತ್ತಿತ್ತು. ಅವಳು ಹೇಳಲಿಲ್ಲ. ಮಾತಾಡಿಸಬೇಡ ಎಂದು ಬೆಳಿಗ್ಗೆ ಅವರೇ ಹೇಳಿದ್ದರಲ್ಲ.

ಮೊದಲು ಬೂದಿ ಬಂತು. ಆಮೇಲೆ ಚೇಚಿಯ ಗಡವ ಗೋಡೆ ಹಾರಿ ಬಂತು. ಅದರ ಹಿಂದೆ ಇಡೀ ಓಣಿಯ ಬೆಕ್ಕುಗಳು, ಕಿವಿ ಹರಿದವು, ಬಾಲ ಮುರಿದವು, ಬಸುರಿಯರು, ಮರಿಗಳು. ಅಪ್ಪನ ಕಾಲಿನ ಸುತ್ತಲೇ ಬಿದ್ದು ಹೊರಳಾಡಿದವು. ಅವರು ಪೊರಕೆ ತಂದು ಬಾರಿಸಿದರು. ಅವು ಪೊರಕೆಯನ್ನೇ ತಬ್ಬಿಕೊಂಡು ಉರುಳಿದವು. ಅವರ ಕೈಗೆ ಬೇರಿನ ವಾಸನೆ ಹತ್ತಿತ್ತು. ಒಂದು ಮರಿ ಮಡಿಪಂಚೆ ಹಿಡಿದು ಮೇಲೆ ಹತ್ತಲು ನೋಡಿತು. ಭಾರ್ಗವಿ ಚೇಚಿ ಗೋಡೆಯ ಮೇಲಿಂದ ಮುಖ ತೂರಿಸಿ, ಬೆಕ್ಕುಗಳಿಗೆ ಮದುವೆಯೋ ಎಂದು ಕೇಳಿದಳು:

"ಎಂದಾ ಸಾರೇ, ಪೂಚ್ಚಗಳ್ಕು ಕಲ್ಯಾಣಮಾಣೋ?"

ಆಗ ಅತ್ತೆ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡಳು, ತಡೆಯಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ, ಒಬ್ಬ ಸಣ್ಣ ಪ್ರಾಯದ ಹೆಂಗಸು ನಗುವ ಹಾಗೆ ನಕ್ಕಳು. ನಾನು ಅಂಥ ನಗುವನ್ನು ಆ ಮನೆಯಲ್ಲಿ ಅದಕ್ಕೂ ಮೊದಲು ಕೇಳಿರಲಿಲ್ಲ. ಅಪ್ಪ ಪೊರಕೆ ಹಿಡಿದೇ ತಿರುಗಿ ಅವಳನ್ನು ನೋಡಿದರು. ರಘು ಹೇಳುವ ಕತೆಯಲ್ಲಿ ಅತ್ತೆಯನ್ನು ಮನೆಯಿಂದ ಕಳಿಸಿದ್ದು ಎಂಜಲು ಗರಿಕೆಗಾಗಿ. ಸುಳ್ಳು. ಅವಳನ್ನು ಕಳಿಸಿದ್ದು ಆ ನಗುವಿಗಾಗಿ.

ತ್ರಿಪ್ಪುಣಿತ್ತುರದಲ್ಲಿ ಅಪ್ಪನ ದೂರದ ನೆಂಟರೊಬ್ಬರು ವಕೀಲರಿದ್ದರು. ದೊಡ್ಡ ಸಂಸಾರ, ಅಡುಗೆಗೆ ಮಡಿಯ ಹೆಂಗಸು ಬೇಕಿತ್ತು. ತಿಂಗಳು ತುಂಬುವ ಮೊದಲೇ ಅಪ್ಪ ಅವಳನ್ನು ರೈಲಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟುಬಂದರು. ಅಲ್ಲಿ ಅವಳಿಗೆ ಒಳ್ಳೆಯದಾಗುತ್ತದೆ ಎಂದರು. ಬೂದಿ ಕೆಲವು ದಿನ ಕಡೆಯುವ ಕಲ್ಲಿನ ಮೇಲೆ ಮಲಗಿತು. ಆಮೇಲೆ ಚೇಚಿಯ ಮನೆಗೆ ಹೋಯಿತು, ಮತ್ತೆ ನಮ್ಮ ಕಡೆ ಬರಲಿಲ್ಲ. ಬೆಕ್ಕಿಗೆ ನಮ್ಮೆಲ್ಲರಿಗಿಂತ ಹೆಚ್ಚು ಸ್ವಾಭಿಮಾನವಿತ್ತು. ಊಟ ಅಮ್ಮನ ಕೈಗೆ ಬಂತು. ತಂಬುಳಿಯ ಮಾತನ್ನು ಅಪ್ಪ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅವರು ಆಸೆಪಟ್ಟ ವರ್ಗವೂ ಆಗಲಿಲ್ಲ.

ಮುಂದಿನ ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವ ದಾರಿಯಲ್ಲಿ ಅಮ್ಮ ನಮ್ಮಿಬ್ಬರನ್ನೂ ತ್ರಿಪ್ಪುಣಿತ್ತುರದಲ್ಲಿ ಇಳಿಸಿದಳು. ಅಪ್ಪ ಜೊತೆಗಿರಲಿಲ್ಲ, ಅದಕ್ಕೇ ಇಳಿಸಿದಳು. ವಕೀಲರ ಮನೆಯ ಹಿತ್ತಲು ಬೋಳಾಗಿತ್ತು. 'ಹಾವು ಬರುತ್ತದೆ' ಎಂದು ಒಂದು ಹುಲ್ಲುಕಡ್ಡಿ ಏಳದಂತೆ ಕೆರೆಸಿ ಮರಳು ಹಾಸಿದ್ದರು. ಅತ್ತೆ ಇಳಿದುಹೋಗಿದ್ದಳು. ಅಮ್ಮ ಒಳಗೆ ಮಾತಾಡುತ್ತಿರುವಾಗ ಅವಳು ನಮ್ಮನ್ನು ಬಚ್ಚಲಿನ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮೋಟುಗೋಡೆಯ ಮೇಲೆ ಒಂದೇ ಒಂದು ಗೆರಟೆಯಲ್ಲಿ ಗರಿಕೆ ಇತ್ತು.

"ಇಲ್ಲಿ ಪುಚ್ಚೆ ಉಂಟಾ ಅತ್ತೆ?" ಎಂದೆ.

"ಸಾಕ್ಲಿಕ್ಕೆ ಬಿಡುವುದಿಲ್ಲ. ನೆಟ್ಟು ಇಟ್ಟಿದ್ದೇನೆ. ಯಾವುದಾದ್ರೂ ಒಂದು ಬಾರದೆ ಇರ್ತದಾ?"

ಅಕ್ಕ ಅಷ್ಟು ತಿಂಗಳು ಬಾಯಲ್ಲಿ ಇಟ್ಟುಕೊಂಡಿದ್ದನ್ನು ಆಗ ಕೇಳಿದಳು. ದೇವರಿಗೆ ಕೊಡಲು ನಿಮಗೆ ಮನಸ್ಸಿರಲಿಲ್ಲವಾ, ಅದಕ್ಕೇ ಬೇಡ ಅಂದದ್ದಾ ಎಂದು. ಅತ್ತೆ ಗೆರಟೆಯ ಮಣ್ಣನ್ನು ಬೆರಳಿನಿಂದ ಒತ್ತುತ್ತ ಹೇಳಿದಳು:

"ದೇವರಿಗೆ ಕೊಡ್ಲಿಕ್ಕೆ ನನಗೆಂತಕ್ಕೆ ಬೇಸರ ಮಗಾ? ಬೂದಿ ತಿನ್ನುವುದು ಬಾಗಿಲ ಬದಿಯದ್ದು ಮಾತ್ರ. ಬಾವಿಯ ಬದಿಗೆ ಅದು ಬಾಯಿ ಹಾಕುದಿಲ್ಲ, ಅಲ್ಲಿ ನೀರು ಸಿಡೀತದಲ್ಲ, ಅದಕ್ಕೆ ಆಗುದಿಲ್ಲ. ಅದನ್ನೇ ಹೇಳ್ಲಿಕ್ಕೆ ಹೋದದ್ದು. ಒಂದು ಮಾತು ಕೇಳಿದ್ರೆ ನಾನೇ ಒಳ್ಳೆ ಎಸಳು ಆರಿಸಿ ತೋರಿಸ್ತಿದ್ದೆ. ಅಣ್ಣ ಕೇಳ್ಲಿಲ್ಲ."

ಇಷ್ಟೇ. ಒಂದು ಮಾತು ಕೇಳಿದ್ದರೆ ದೇವರಿಗೆ ಚೊಕ್ಕ ಗರಿಕೆ, ರಾಯರಿಗೆ ಪ್ರಸಾದ, ಅತ್ತೆಗೆ ಅವಳ ಮೂಲೆ. ತಂಗಿಯ ಹತ್ತಿರ ಹುಲ್ಲು ಕೇಳುವುದು ಅವರಿಗೆ ಅವಮಾನ. ಅದಕ್ಕಿಂತ ಅವಳನ್ನು ಹುಚ್ಚಿ ಮಾಡುವುದು ಸುಲಭ. ಆ ಮಳೆಗಾಲದಲ್ಲಿ ಅತ್ತೆ ಜ್ವರ ಬಂದು ಹೋದಳು. ಅಪ್ಪ ಹೋಗಿ ಕ್ರಿಯೆ ಮುಗಿಸಿ ಬಂದರು. ಅವಳ ಗೆರಟೆಯ ಹುಲ್ಲು ತಿನ್ನಲು ಕೊನೆಗೂ ಒಂದು ಬೆಕ್ಕು ಬಂತೋ ಇಲ್ಲವೋ ಎಂದು ನನಗೆ ಈಗಲೂ ತಿಳಿಯದು.

ಅಕ್ಕ ಆ ದಿನ ನೆಲ ನೋಡಿದಳೆಂದು ನನಗೆ ಅವಳ ಮೇಲೂ ಸಿಟ್ಟಿತ್ತು. ಈಗಲೂ ಇದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ, ನನಗೆ ಆಗುವುದಿಲ್ಲ. ಅವಳು ತನ್ನ ಮಕ್ಕಳಿಗೆ ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ಆದರೆ ಮದುವೆಯಾದ ಮೇಲೆ ವಾಸವಿದ್ದ ಪ್ರತಿ ಮನೆಯ ಹಿತ್ತಲಲ್ಲೂ ಒಂದು ಮಡಿ ಗರಿಕೆ ಹಾಕಿದಳು, ಮಾಡಿನ ಕೆಳಗೆ ಭತ್ತದ ಗೆರಟೆ ಇಟ್ಟಳು, ಗೋಡೆಯ ಬುಡದ ಕುಪ್ಪಿ ಗಿಡ ಕೀಳಲು ಯಾರನ್ನೂ ಬಿಡಲಿಲ್ಲ. ಅದು ಅವಳ ಉತ್ತರ ಎಂದು ನಾನು ತಿಳಿದುಕೊಳ್ಳಬೇಕು. ಅದನ್ನೇ ಹರಿ ಅವಳ ಹದಿಮೂರನೆಯ ದಿನ ಕೀಳಿಸಿದ್ದ.

ಎಲೆ ಮಡಚಿ ಎದ್ದವಳು ನಾನು ಕೈ ತೊಳೆದು ನೇರವಾಗಿ ಆ ರಾಶಿಯ ಹತ್ತಿರ ಹೋಗಿ ಕೂತೆ. ಬೆಕ್ಕುಗಳ ನಡುವಿನಿಂದ ಬೇರು ಗಟ್ಟಿ ಇರುವ ಗರಿಕೆಯನ್ನು ಬೇರೆ ಮಾಡಿ ಬಾಳೆಲೆಯ ತುಂಡಿನ ಮೇಲೆ ಇಡುತ್ತಿದ್ದೆ. ಹರಿ ಹುಡುಕಿಕೊಂಡು ಬಂದ. ಅವನಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳ.

"ಚಿಕ್ಕಮ್ಮಾ, ಎಂದಿನಾ ಇದೊಕ್ಕೆ? ವೆರುಂ ಪುಲ್ಲಲ್ಲೇ?"

ಇದೆಲ್ಲ ಯಾಕೆ, ಬರೀ ಹುಲ್ಲಲ್ವಾ. ಅವನು ನನ್ನ ಅಪ್ಪನನ್ನು ಸರಿಯಾಗಿ ನೋಡಿದವನೂ ಅಲ್ಲ. ಭಾಷೆ ಬೇರೆ, ಮಾತು ಅದೇ.

"ಇದು ನಿನ್ನ ಅಮ್ಮ ನೆಟ್ಟದ್ದು. ಕೀಳುವ ಮೊದಲು ಒಂದು ಮಾತು ಕೇಳ್ಬೇಕಿತ್ತು."

"ಆರೋಡಾ ಚೋದಿಕ್ಕ್ಯಾ, ಚಿಕ್ಕಮ್ಮಾ? ಅಮ್ಮ ಪೋಯಿಲ್ಲೇ?"

ಯಾರನ್ನು ಕೇಳಲಿ, ಅಮ್ಮ ಹೋದಳಲ್ಲ ಎಂದ. ಅವನ ಕಣ್ಣು ಕೆಂಪಾಗಿತ್ತು. ಆದರೂ ನನ್ನ ದನಿ ಮೆತ್ತಗಾಗಲಿಲ್ಲ.

"ನನ್ನ ಹತ್ರ ಕೇಳು. ನಾನಿದ್ದೇನೆ ಇನ್ನೂ."

ಒಳಗಿನಿಂದ ಯಾರೋ ಅವನನ್ನು ಕರೆದರು, ರಘುವಿನ ದನಿಯೇ ಇರಬೇಕು. ಹರಿ ಹೋಗಲಿಲ್ಲ. ನಿಂತ, ಆಮೇಲೆ ಬಿಳಿ ಪಂಚೆ ಮಡಚಿ ಕಟ್ಟಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲ್ಲಿ ನೆಡಬೇಕು ಎಂದು ಕೇಳಿದ. ನನ್ನ ಸಿಟ್ಟು ಇಳಿದಿರಲಿಲ್ಲ, ಆದರೆ ಅವನು ಕೇಳಿದ್ದ. ಕೈ ಎತ್ತಿ, ನೀರು ಸಿಡಿಯುವ ಬಾವಿಯ ಬದಿಯನ್ನು ತೋರಿಸಿದೆ.